ನಾಟಕದ ನಡುವೆ ಹೊಡೆದ ಫೈರ್ ಅಲಾರಂ: ಹಿಡಿದುಕೊಂಡ ಡೆಪಾಸಿಟ್ ವಾಪಸ್ ಕೋರಿ

ಇವರಿಗೆ,
ವ್ಯವಸ್ಥಾಪಕರು,
ಸಭಾಂಗಣದ ಕಚೇರಿ, ಬೆಂಗಳೂರು

ಮಾನ್ಯರೇ,

ಕಳೆದ ಭಾನುವಾರ ಸಂಜೆ ನಿಮ್ಮ ಸಭಾಂಗಣದಲ್ಲಿ ನಮ್ಮ ಹವ್ಯಾಸಿ ತಂಡದ ನಾಟಕವಿತ್ತು. ಬೆಳಕಿನ ಕೆಲಸ ನನ್ನದು. ಎರಡನೇ ಅಂಕ ಶುರುವಾಗಿ ಹತ್ತು ನಿಮಿಷಕ್ಕೆ ಹೂಟರ್ ಕೂಗಿಕೊಂಡಿತು. ಏಸಿ ನಿಂತಿತು, ಜನ ಎದ್ದು ಪಾರ್ಕಿಂಗ್ ಜಾಗಕ್ಕೆ ಬಂದರು. ನಮ್ಮ ರಾಜ ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡು ಸ್ಕೂಟರ್‌ಗಳ ನಡುವೆ ನಿಂತಿದ್ದ. ಈಗ ನೆನೆದರೆ ನಗು ಬರುತ್ತದೆ, ಅವತ್ತು ಬರಲಿಲ್ಲ.

ಮೂರು ದಿನ ಬಿಟ್ಟು "ಸುಳ್ಳು ಅಲಾರಂ" ಎಂದು ನಮ್ಮ ಡೆಪಾಸಿಟ್‌ನಲ್ಲಿ 8,000 ರೂಪಾಯಿ ಹಿಡಿದುಕೊಂಡಿದ್ದೀರಿ. ಇದು ಸರಿಯಲ್ಲ.

ವೇದಿಕೆಯಲ್ಲಿ ತೆಳು ಮಂಜು ಹರಡುವ ಹೇಜ್ ಮಷೀನ್ ತರುತ್ತೇವೆಂದು ಬುಕಿಂಗ್ ಫಾರ್ಮ್‌ನಲ್ಲೇ ಬರೆದಿದ್ದೆವು. ಆ ಮಂಜು ಗ್ಲೈಕಾಲ್ ಎಂಬ ದ್ರವ ಮತ್ತು ನೀರು, ಬೆಂಕಿಯ ಮಾತೇ ಇಲ್ಲ. ಆದರೆ ಹೊಗೆ ಪತ್ತೆಹಚ್ಚುವ ಡಿಟೆಕ್ಟರ್‌ಗೆ ಅದೇನು ಗೊತ್ತು? ಅದರೊಳಗಿನ ಬೆಳಕನ್ನು ಸಣ್ಣ ಕಣಗಳು ಚದುರಿಸಿದರೆ ಹೊಗೆ ಎಂದೇ ಲೆಕ್ಕ. ನಾವು ಹೇಜ್ ಬಿಡುವುದೂ ಬೆಳಕು ಚದುರಿ ಕಿರಣ ಕಾಣಲಿ ಅಂತಲೇ ಅಲ್ವಾ? ಅದು ಬೇಗ ಕರಗುವುದೂ ಇಲ್ಲ. ಅದಕ್ಕೇ ಟೆಕ್ ರಿಹರ್ಸಲ್ ದಿನ ನಿಮ್ಮ ಎಲೆಕ್ಟ್ರಿಷಿಯನ್ ಅವರನ್ನು ಕೇಳಿದೆ. "ಸ್ಟೇಜ್ ಝೋನ್ ಐಸೊಲೇಟ್ ಮಾಡ್ತೀವಿ ಸಾರ್, ತಲೆ ಕೆಡಿಸ್ಕೋಬೇಡಿ" ಎಂದರು. ಅಂದರೆ ವೇದಿಕೆ ಭಾಗದ ಡಿಟೆಕ್ಟರ್‌ಗಳ ಗುಂಪನ್ನು ಅಲಾರಂನಿಂದ ಬೇರ್ಪಡಿಸುತ್ತೇವೆ ಎಂದು.

ಮಾಡಿದ್ದು ನಿಜ. ಆದರೆ ಅದೊಂದೇ ಝೋನ್. ಏಸಿ ಗಾಳಿಯನ್ನು ವಾಪಸ್ ಎಳೆದುಕೊಳ್ಳುವ ಕೊಳವೆ, ಅಂದರೆ ರಿಟರ್ನ್ ಡಕ್ಟ್‌ನಲ್ಲಿರುವ ಡಿಟೆಕ್ಟರ್ ಬೇರೆ ಝೋನ್‌ಗೆ ಸೇರಿದೆ, ವೇದಿಕೆಯ ಗಾಳಿ ಹೋಗುವುದೇ ಅಲ್ಲಿಗೆ. ಅಲಾರಂ ಪ್ಯಾನೆಲ್‌ನಲ್ಲಿ ದೀಪ ಉರಿದದ್ದೂ ಅದರದ್ದೇ. ಫೋಟೋ ಲಗತ್ತಿಸಿದ್ದೇನೆ. ರಿಹರ್ಸಲ್ ದಿನ ಏಸಿ ಹಾಕಿರಲಿಲ್ಲ. ಹಾಕಿ ನೋಡೋಣ ಎಂದು ನಾನು ಪಟ್ಟು ಹಿಡಿಯಬೇಕಿತ್ತು, ಅಷ್ಟು ತಪ್ಪು ನನ್ನದು.

ನನಗೆ ಜಾಸ್ತಿ ಭಯವಾಗಿದ್ದು ಆಮೇಲೆ. ನಾಟಕ ಮುಂದುವರಿಯಲಿ ಎಂದು ನಿಮ್ಮವರು ಏಣಿ ಹಾಕಿ ಡಿಟೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದರು. ಪ್ಯಾನೆಲ್‌ನ ಎಲ್ಲ ಝೋನ್‌ಗಳನ್ನೂ ಆಫ್ ಮಾಡಿದರು. ಕಾವಲಿಗೆ ಒಬ್ಬರೂ ಇಲ್ಲ. ಮೇಲೆ ಕಾದ ಲೈಟುಗಳು, ಪಕ್ಕದಲ್ಲೇ ಬಟ್ಟೆಯ ಪರದೆ, ಎದುರಿಗೆ ತುಂಬಿದ ಸಭೆ! ಹೇಜ್ ಮಷೀನ್ ನಿಲ್ಲಿಸಿ, ಝೋನ್‌ಗಳನ್ನು ಮತ್ತೆ ಆನ್ ಮಾಡಿಸಿ, ಕವರ್ ಬಿಚ್ಚಲು ಹೇಳಿದವನು ನಾನೇ. ಆದರೂ ರಾತ್ರಿ ಲೈಟ್ ಇಳಿಸುವಾಗ ಎರಡು ಕವರ್ ಹಾಗೇ ನೇತಾಡುತ್ತಿದ್ದವು.

ಹಿಡಿದ ಹಣವನ್ನು 15 ದಿನದೊಳಗೆ ವಾಪಸ್ ಕೊಡಿ. ಮುಂದೆ ಬರುವ ತಂಡಗಳಿಗೆ ಯಾವ ಡಿಟೆಕ್ಟರ್ ಯಾವ ಝೋನ್ ಎಂದು ಬರೆದು ಕೊಡಿ. ಝೋನ್ ಆಫ್ ಮಾಡಿದ್ದು ಯಾರು, ಮತ್ತೆ ಆನ್ ಮಾಡಿದ್ದು ಎಷ್ಟು ಗಂಟೆಗೆ ಎಂದು ರಿಜಿಸ್ಟರ್‌ನಲ್ಲಿ ಸಹಿ ಇರಲಿ. ಅಷ್ಟು ಹೊತ್ತೂ ಒಬ್ಬರು ನಿಂತು ಕಣ್ಣಿಡಲಿ. ಇದೆಲ್ಲ ಆಗದು ಎಂದರೆ ಹೇಜ್ ಬೇಡ ಎಂದು ಬುಕಿಂಗ್‌ನಲ್ಲೇ ಹೇಳಿಬಿಡಿ, ಬೇಜಾರಿಲ್ಲ.

ಹಣದ ಉತ್ತರ ನಾಲ್ಕು ದಿನ ತಡವಾದರೂ ಸರಿ, ಆ ಎರಡು ಕವರ್‌ಗಳನ್ನು ಮಾತ್ರ ಇವತ್ತೇ ತೆಗೆಸಿ.

ಇಂತಿ,
ತಂಡದ ಬೆಳಕಿನ ವಿನ್ಯಾಸಕ