ದಾರಿ ತೋರಿದ ಆ ಹಿರಿಯರಿಗೆ

ಫ್ರಾನ್ಸಿನ ಓವೆರ್ನ್ಯ ಬೆಟ್ಟಸೀಮೆಯಲ್ಲಿ ಸೇನ್-ನೆಕ್ತೇರ್ ಚೀಸ್ ತಯಾರಿಸುವ ಹೈನುಗಾರ ಕುಟುಂಬವೊಂದರ ಮನೆಯನ್ನು ಹುಡುಕುತ್ತ ದಾರಿ ತಪ್ಪಿದ್ದ ನನ್ನನ್ನೂ ನನ್ನ ತಾಯಿಯನ್ನೂ, ತಮ್ಮ ಕೆಲಸ ಬಿಟ್ಟು, ಕಾರಿನಲ್ಲಿ ಮುಂದೆ ಸಾಗಿ ಬಾಗಿಲವರೆಗೂ ತಲುಪಿಸಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯ ಮಹಿಳೆಗೆ ನಮ್ಮ ಹೃತ್ಪೂರ್ವಕ ಕೃತಜ್ಞತೆಗಳು.

ಚೀಸಿನ ಮೇಲಿನ ಹಸಿರು ಗುರುತುಬಿಲ್ಲೆ ಅಂಡಾಕಾರವಾಗಿದ್ದರೆ ಅದು ಒಂದೇ ಮನೆಯ ಹಸುಗಳ ಹಸಿ ಹಾಲಿನಿಂದ ಅಲ್ಲಿಯೇ ಮಾಡಿದ್ದು, ಚೌಕವಾಗಿದ್ದರೆ ಡೈರಿಯದು ಎಂಬುದನ್ನು ಅವರು ಗಾಳಿಯಲ್ಲಿ ಬೆರಳಾಡಿಸಿ ತಿಳಿಸಿಕೊಟ್ಟರು. ಹಾಲು ಕರೆದ ಕೂಡಲೇ ಹೆಪ್ಪುಗಟ್ಟಿಸುವುದನ್ನೂ, ಕನಿಷ್ಠ 28 ದಿನ ಮಾಗಬೇಕಾದ ದುಂಡನೆಯ ಚೀಸ್‌ಗಳನ್ನು ನೆಲಮಾಳಿಗೆಯಲ್ಲಿ ಒಂದೊಂದಾಗಿ ತಿರುವಿಡುವುದನ್ನೂ ನಾವು ಕಣ್ಣಾರೆ ಕಂಡೆವು. ಹಸುಗಳೊಡನೆಯೇ ಬೆಳೆದ ನನ್ನ ತಾಯಿ, ಭಾಷೆ ತಿಳಿಯದಿದ್ದರೂ, ಆ ಮನೆಯೊಡತಿಯ ಕೈ ಹಿಡಿದು ಬಹಳ ಹೊತ್ತು ಕೊಟ್ಟಿಗೆಯಲ್ಲಿಯೇ ನಿಂತಿದ್ದರು. ಆ ಗಳಿಗೆ ನಮಗೆ ದೊರೆತದ್ದು ತಮ್ಮಿಂದ, ದಾರಿ ತೋರಿದ ತಾಯೀ.