ಗೇಮ್ ತುಂಬಿಸಿದ ಕಾರ್ಡ್ ಕೊಳ್ಳಿ ಅನ್ನಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ವಿಡಿಯೋ ಗೇಮ್‌ಗಳನ್ನು ಈಗ ಆಡುವುದು ಹೇಗೆ ಅನ್ನುವ ಲೇಖನ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಕೊಟ್ಟ ಒಂದು ಸಲಹೆ ಮಾತ್ರ ಸರಿಯಿಲ್ಲ. ಜಾಗ ಸಾಲದಿದ್ದರೆ ಸಾವಿರಾರು ಗೇಮ್ ಮೊದಲೇ ತುಂಬಿಸಿದ 512 ಜಿಬಿ ಮೆಮೊರಿ ಕಾರ್ಡ್ ಸಿಗುತ್ತದೆ, ತಂದು ಹಾಕಿಕೊಳ್ಳಿ ಎಂದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ನಾನು ಚಿಕ್ಕಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಲೆಕ್ಕ ಬರೆಯುತ್ತೇನೆ. ಇದ್ದದ್ದು ಎಲ್ಲಿ ಹೋಯಿತು ಅಂತ ನೋಡದೆ ಮತ್ತೆ ದುಡ್ಡು ಸುರಿಯುವುದು ನನಗೆ ಆಗಿಬರಲ್ಲ. ಮನೆಯಲ್ಲಿ ಟಿವಿಗೆ ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಸಿಕ್ಕಿಸಿದ್ದೇವೆ, ಹಳೇ ಗೇಮ್ ಆಡುವುದು ಅದರಲ್ಲೇ. ಅದರಲ್ಲಿರುವುದು 128 ಜಿಬಿ ಕಾರ್ಡ್. ಕಂಪ್ಯೂಟರ್‌ಗೆ ಹಾಕಿದರೆ 119 ಅಂತ ತೋರಿಸುತ್ತದೆ. ಅದು ಮೋಸವಲ್ಲ. ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ, ಹೀಗೆ ಪ್ರತಿ ಮೆಟ್ಟಿಲಿಗೂ ಕಾರ್ಡ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ನನಗೆ, ಮಗನಿಗೆ, ರಜಾ ಇದ್ದಾಗ ಬಂದು ಕೂರುವ ನಮ್ಮಣ್ಣನಿಗೆ, ಮೂವರಿಗೂ ಅದು ಧಾರಾಳವಾಗಿ ಸಾಕು.

ಯಾವುದು ಎಷ್ಟು ಜಾಗ ತಿನ್ನುತ್ತೆ ಅಂತ ಒಮ್ಮೆ ನೋಡಿ. ನಾವು ಚಿಕ್ಕವರಿದ್ದಾಗ ಕ್ಯಾಸೆಟ್ ಅನ್ನುತ್ತಿದ್ದೆವಲ್ಲ, ಆ ಗೇಮ್‌ಗಳದು ಲೆಕ್ಕಕ್ಕೇ ಇಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಸೇರಿ 40 ಕೆಬಿ. ಬೆಳಿಗ್ಗೆ ವಾಟ್ಸಾಪ್‌ಗೆ ಬರುವ ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತೆ. ಕಾಂಟ್ರಾ 128 ಕೆಬಿ. ನಿಂಟೆಂಡೋ 64ರ ಅತಿ ದೊಡ್ಡ ಕ್ಯಾಸೆಟ್ ಕೂಡ 64 ಎಂಬಿ ದಾಟಲ್ಲ. ಇವನ್ನು ಅಳಿಸಿ ಜಾಗ ಮಾಡುವುದು ಸುಮ್ನೆ ಕೈನೋವು. ಜಾಗ ಹೋಗುವುದು ಡಿಸ್ಕ್ ಗೇಮ್‌ಗಳಿಗೆ. ಪ್ಲೇಸ್ಟೇಷನ್ 1ರ ಒಂದು ಸಿಡಿ ಸುಮಾರು 700 ಎಂಬಿವರೆಗೂ ಹೋಗುತ್ತದೆ. ಪ್ಲೇಸ್ಟೇಷನ್ 2ರ ಡಿವಿಡಿ 4.7 ಜಿಬಿವರೆಗೆ, ಎರಡು ಪದರದ್ದಾದರೆ 8.5ರವರೆಗೆ.

ಇನ್ನೊಂದು ಕಳ್ಳ ಇದೆ. ಗೇಮ್ ಪಟ್ಟಿ ಚೆಂದ ಕಾಣಲಿ ಅಂತ ಸ್ಕ್ರೇಪರ್ ಅನ್ನುವ ಪ್ರೋಗ್ರಾಂ ಹಾಕಿ ಪೆಟ್ಟಿಗೆಯ ಚಿತ್ರ, ಸಣ್ಣ ವಿಡಿಯೋ ಎಲ್ಲ ಇಳಿಸಿಕೊಳ್ಳುತ್ತಾರೆ. 40 ಕೆಬಿ ಗೇಮ್‌ಗೆ ಕೆಲವು ಎಂಬಿಯ ವಿಡಿಯೋ! ನಮ್ಮಲ್ಲೂ ಫೋಲ್ಡರ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿದಾಗ ಮೇಲೆ ಬಂದದ್ದು ಗೇಮ್‌ಗಳ ಫೋಲ್ಡರ್ ಅಲ್ಲ, ಈ ವಿಡಿಯೋಗಳದು. ಮಗ ಗೊಣಗಿದ. ಚಿತ್ರ ಇಟ್ಟುಕೊಂಡು ವಿಡಿಯೋ ತೆಗೆದೆವು.

ಡಿಸ್ಕ್‌ಗಳ ವಿಷಯಕ್ಕೆ ಬರೋಣ. ಅಣ್ಣ ಗಲ್ಫ್‌ನಲ್ಲಿದ್ದಾಗ ಕೊಂಡ ಪ್ಲೇಸ್ಟೇಷನ್ 1ರ ಅಸಲಿ ಸಿಡಿಗಳು ನಮ್ಮಲ್ಲಿವೆ. ಕಂಪ್ಯೂಟರ್‌ಗೆ ಇಳಿಸಿದಾಗ ಅವು ಬಿನ್ ಮತ್ತು ಕ್ಯೂ ಅನ್ನುವ ಫೈಲ್‌ಗಳಾಗುತ್ತವೆ. ಬಿನ್‌ನಲ್ಲಿ ಸಿಡಿಯ ಸರಕು, ಕ್ಯೂನಲ್ಲಿ ಅದರ ಪಟ್ಟಿ. ಜಿಪ್ ಮಾಡಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ಚಿಕ್ಕ ಕ್ಯಾಸೆಟ್ ಗೇಮ್‌ಗೆ ಜಿಪ್ ಸರಿ. ಸಿಡಿ ಗೇಮ್ ಆಡುವಾಗ ಡಿಸ್ಕಿನ ಯಾವ ಮೂಲೆಯಿಂದ ಬೇಕಾದರೂ ಓದಬೇಕಾಗುತ್ತದೆ, ಅದಕ್ಕೆ ಜಿಪ್ಪನ್ನು ಪೂರ್ತಿ ಬಿಚ್ಚಬೇಕು. ಸಿಎಚ್‌ಡಿ ಅನ್ನುವ ಫೈಲ್ ಹಾಗಲ್ಲ. ಅದರಲ್ಲಿ ಡಿಸ್ಕನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆಯಾಗಿ ಹಿಂಡಿ ಇಟ್ಟಿರುತ್ತದೆ. ಬೇಕಾದ ತುಂಡು ಮಾತ್ರ ಬಿಚ್ಚಿಕೊಳ್ಳುತ್ತದೆ. ಪಾರ್ಲರ್ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಮೇಮ್ ಅನ್ನುವುದರ ಜೊತೆ ಬರುವ ಸಿಎಚ್‌ಡಿಮ್ಯಾನ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. ಕೆಲವು ಗೇಮ್ ಅರ್ಧಕ್ಕರ್ಧ ಇಳಿಯುತ್ತವೆ. ವಿಡಿಯೋ ಜಾಸ್ತಿ ಇರುವವು ಅಷ್ಟೇನೂ ಇಳಿಯಲ್ಲ. ಏನೂ ಕಳೆದುಹೋಗುವುದಿಲ್ಲ, ಬೇಕೆಂದಾಗ ವಾಪಸ್ ಬಿನ್ ಮಾಡಿಕೊಳ್ಳಬಹುದು. ಒಂದು ಜೋಪಾನ: ಅದಕ್ಕೆ ಕ್ಯೂ ಫೈಲ್ ತೋರಿಸಬೇಕು, ಬಿನ್ ಅಲ್ಲ. ಸಿಡಿಯಲ್ಲಿ ಹಾಡಿನ ಟ್ರ್ಯಾಕ್‌ಗಳಿದ್ದರೆ ಒಂದೊಂದಕ್ಕೂ ಬೇರೆ ಬಿನ್ ಇರುವುದುಂಟು. ಯಾವುದರ ಹಿಂದೆ ಯಾವುದು ಅನ್ನುವುದು ಗೊತ್ತಿರುವುದು ಕ್ಯೂಗೆ ಮಾತ್ರ. ಹೊಸ ಫೈಲ್ ಆಡಿಸಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ಈಗ ತುಂಬಿಸಿದ ಕಾರ್ಡ್ ಕಥೆ. ನಮ್ಮ ಮೇಲಿನ ಮನೆ ಹುಡುಗ ಪಿಯುಸಿ ಓದುತ್ತಿದ್ದಾನೆ. ಆನ್‌ಲೈನ್‌ನಲ್ಲಿ ಇಂಥದ್ದೇ ಒಂದು ತರಿಸಿದ್ದ. "ಆಂಟಿ, ಮುಸ್ತಫಾ ಓಪನ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?" ಅಂತ ಕೆಳಗೆ ಬಂದ. ಮುಸ್ತಫಾ ಅಂದರೆ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಗೇಮ್ ಪಾರ್ಲರ್‌ನಲ್ಲಿ ಕಾಯಿನ್ ಹಾಕಿ ಆಡಿದವರು ಯಾರೂ ಅದನ್ನು ಆ ಉದ್ದ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಕಾರ್ಡ್‌ನಲ್ಲಿ ಅದರ ಮೂರು ಜಿಪ್ ಇದ್ದವಂತೆ. ಒಂದೇ ಗೇಮ್ ಮೂರು ಸಲ ಯಾಕೆ ಅಂತ ಇವನು ಡೈನೋ ಅನ್ನುವುದನ್ನು ಅಳಿಸಿ, ಅಮೆರಿಕದ್ದು ಅಂತ ಡೈನೋಯು ಉಳಿಸಿಕೊಂಡಿದ್ದ. ಪಾಪ, ಅವನ ಲೆಕ್ಕ ತಪ್ಪಲ್ಲ. ಆದರೆ ಆರ್ಕೇಡ್, ಅಂದರೆ ಪಾರ್ಲರ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ತಾಯಿ ಫೈಲ್ ಒಂದು ಇರುತ್ತದೆ, ಉಳಿದವುಗಳಲ್ಲಿ ಬದಲಾದ ಭಾಗ ಮಾತ್ರ ಇಟ್ಟಿರುತ್ತಾರೆ. ತಾಯಿ ಹೋದರೆ ಮಿಕ್ಕವು ಓಡಲ್ಲ. ಇದನ್ನು ಅವನಿಗೆ ಹೇಳುವವರು ಯಾರು? ಮಾರಿದವರು ಒಂದು ಚೀಟಿಯನ್ನೂ ಇಟ್ಟಿರಲಿಲ್ಲ.

ಉಳಿದ ಪಟ್ಟಿ ನೋಡಿದೆ. ಅಮೆರಿಕದ್ದು, ಯುರೋಪಿನದು, ಜಪಾನಿನದು ಅಂತ ಒಂದೇ ಗೇಮ್ ಮತ್ತೆ ಮತ್ತೆ. ತೊಂಬತ್ತರ ದಶಕದಲ್ಲಿ '9999 ಇನ್ 1' ಕ್ಯಾಸೆಟ್ ಅಂತ ಕೊಟ್ಟು, ನಾಲ್ಕಾರು ಗೇಮ್‌ಗಳನ್ನೇ ಬೇರೆ ಬೇರೆ ನಂಬರ್‌ನಲ್ಲಿ ಸುತ್ತಿಸುತ್ತಿದ್ದರು. ಅದೇ ವ್ಯಾಪಾರ ಇನ್ನೂ ನಡೀತಿದೆ. ಇದಕ್ಕಿಂತ ಕೆಟ್ಟದ್ದು, ಆ ಕಾರ್ಡೇ ಸುಳ್ಳು. ಎಲ್ಲವನ್ನೂ ತೆಗೆದು, ಕಾರ್ಡ್ ಪರೀಕ್ಷೆ ಮಾಡುವ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ವಿಂಡೋಸ್ ಪ್ರೋಗ್ರಾಂ ಓಡಿಸಿದೆವು. ಅದು ಕಾರ್ಡ್ ತುಂಬಾ ಬರೆದು, ಬರೆದದ್ದನ್ನು ಓದಿ ತಾಳೆ ನೋಡುತ್ತದೆ. ಅಸಲಿಗೆ ಇದ್ದದ್ದು 32 ಜಿಬಿ. ಒಳಗಿನ ಚಿಪ್‌ಗೆ 512 ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗ ಮುಗಿದ ಮೇಲೆ ಹಾಕಿದ ಫೈಲ್ ಹೆಸರು ಕಾಣುತ್ತೆ, ಒಳಗೆ ಏನೂ ಇರಲ್ಲ. ಲಿನಕ್ಸ್ ಇರುವವರಿಗೆ ಎಫ್3 ಅನ್ನುವುದು ಇದೇ ಕೆಲಸ ಮಾಡುತ್ತದೆ. ಎಸ್.ಪಿ. ರೋಡ್‌ನಲ್ಲಿ ಕೊಂಡರೂ ಅಷ್ಟೇ, ಆನ್‌ಲೈನ್‌ನಲ್ಲಿ ತರಿಸಿದರೂ ಅಷ್ಟೇ, ಬಿಲ್ ತಗೊಳ್ಳಿ, ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷೆ ಮಾಡಿ.

ಕಾನೂನಿನ ಮಾತನ್ನೂ ಲೇಖನ ಮುಟ್ಟಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕೊಂಡ ಪ್ರೋಗ್ರಾಂ ಹಾಳಾದರೆ ಇರಲಿ ಅಂತ ಬ್ಯಾಕಪ್ ಕಾಪಿ ಮಾಡಿಟ್ಟುಕೊಳ್ಳಬಹುದು. ಬೇರೆಯವರ ಗೇಮ್‌ಗಳನ್ನು ಕಾರ್ಡ್‌ಗೆ ತುಂಬಿ ಮಾರುವುದು ಅದರಡಿ ಬರಲ್ಲ ಅಲ್ವಾ?

ಇನ್ನು, ಗೇಮ್ ಹೋದರೆ ಡಿಸ್ಕ್‌ನಿಂದ ಮತ್ತೆ ಇಳಿಸಬಹುದು, ಎಲ್ಲಿವರೆಗೆ ಆಡಿದ್ದೆವು ಅಂತ ಉಳಿಸಿಟ್ಟ ಸೇವ್ ಹೋದರೆ ಹೋದಂತೆಯೇ. ಅದಕ್ಕೆ ಜಾಗವೂ ಹೆಚ್ಚು ಬೇಡ, ಪ್ಲೇಸ್ಟೇಷನ್ 1ರಲ್ಲಿ ಸೇವ್ ಇಡುವ ಇಡೀ ಮೆಮೊರಿ ಕಾರ್ಡ್ ಬರೀ 128 ಕೆಬಿ. ಸೇವ್ ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಲು ಮಗನಿಗೆ ಹೇಳಿದ್ದೇನೆ, ಮಾಡುತ್ತಾನೆ. ಕರೆಂಟ್ ಹೋಗುವ ಏರಿಯಾದವರು ಹಳೇ ಗೇಮ್ ಆಡಿಸುವ ರೆಟ್ರೋಆರ್ಚ್ ಪ್ರೋಗ್ರಾಂನ ಸೇವಿಂಗ್ ಸೆಟ್ಟಿಂಗ್‌ನಲ್ಲಿ ಆಟೋಸೇವ್ ಇಂಟರ್ವಲ್ ಅನ್ನುವುದನ್ನು ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಗೇಮ್ ಮುಚ್ಚಿದಾಗ ಮಾತ್ರ ಸೇವ್ ಕಾರ್ಡ್‌ಗೆ ಇಳಿಯುವ ಸಂಭವ ಇರುತ್ತದೆ.

ಆ ಸಲಹೆಗೊಂದು ತಿದ್ದುಪಡಿ ಹಾಕಿ. ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಕಾರ್ಡ್ ಪರೀಕ್ಷೆ ಮಾಡುವ ನಾಲ್ಕು ಸಾಲನ್ನಾದರೂ ಉಳಿಸಿ. ಪರೀಕ್ಷೆ ಮುಗಿದು ರಜೆ ಶುರುವಾಗುವ ಮುಂಚೆ ಬಂದರೆ ಒಳ್ಳೆಯದು, ಹುಡುಗರು ಇಂಥದ್ದನ್ನೆಲ್ಲ ತರಿಸುವುದು ಆವಾಗಲೇ.

ಇತಿ,
ನಿಮ್ಮ ಓದುಗಿ,
ಹನುಮಂತನಗರ, ಬೆಂಗಳೂರು