ತೀರಿಹೋದವ್ರ ಬಾಯಾಗ ಮಾತು ಇಡೂದು

ಸಂಪಾದಕರಿಗೆ ವಿಜಯಪುರದಿಂದ ನಮಸ್ಕಾರ್ರಿ.

ಎಐ ಬಂತು, ಇನ್ನ ಮನುಷ್ಯಾನ ಗತಿ ಏನು, ಮನುಷ್ಯಾ ಅಂದ್ರ ಯಾರು ಅನ್ನೂದನ್ನ ಹೊಸದಾಗಿ ವಿಚಾರ ಮಾಡಬೇಕು ಅಂತೆಲ್ಲಾ ಪೇಪರ್‌ನ್ಯಾಗ ದೊಡ್ಡವ್ರು ಬರೀತಿರ್ತಾರ, ಓದ್ತಿರ್ತೀನಿ, ಖರೇ ಹೇಳ್ಬೇಕಂದ್ರ ಅರ್ಧಕ್ಕರ್ಧ ತಿಳಿಯೂದಿಲ್ಲ. ಎಲ್ಲಾ ಬೆಂಗಳೂರು ಐಟಿ ಮಂದಿ ನೌಕರಿ ಚಿಂತಿನೇ ಇರ್ತೈತಿ. ನಾ ಇಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟಾಂವ, ಜೋಡೀಲೆ ಫ್ಲೆಕ್ಸು, ಲಗ್ನದ ವಿಡಿಯೋ. ರೀಲ್ ಹಾಕಿ ಫೋಟೋ ಹೊಡಿಯೂ ಕಾಲದಾಗ ಕೆಲಸ ಕಲತಾಂವ. ನನ್ನ ಅಂಗಡ್ಯಾಗ ನಡೆದದ್ದೊಂದು ತಲ್ಯಾಗ ಕುಂತಬಿಟ್ಟೈತಿ, ಅದನ್ನ ಬರದ ಹಾಕಬೇಕಂತ ಈ ಪತ್ರ.

ಹೋದ ಲಗ್ನದ ಸೀಸನ್‌ದಾಗ ಇಂಡಿ ಕಡೆ ಹುಡುಗೊಬ್ಬ ಬಂದ, ಲಿಂಬಿ ತ್ವಾಟದವ್ರು. ತಂಗಿ ಮದುವಿ ಇತ್ತು, ಅಪ್ಪ ತೀರಿ ಎರಡು ವರ್ಷ ಆಗಿತ್ತು. ಕಾಕಾ, ಕಾರ್ಯಾಲಯದಾಗ ಎಲ್‌ಇಡಿ ಸ್ಕ್ರೀನ್ ಹಾಕಸೀವಿ, ಅಪ್ಪ ಬಂದು ತಂಗೀಗೆ ಆಶೀರ್ವಾದ ಮಾಡಿದಂಗ ಒಂದು ವಿಡಿಯೋ ಮಾಡಿಕೊಡ್ರಿ, ಯೂಟ್ಯೂಬ್‌ದಾಗ ನೋಡೀನಿ ಅಂದ. ಅವನ ಹಂತ್ಯಾಕ ಇದ್ದದ್ದು ಎರಡೇ. ಸಿದ್ಧೇಶ್ವರ ಜಾತ್ರ್ಯಾಗ ರುಮಾಲು ಸುತಗೊಂಡು ನಿಂತ ಒಂದು ಫೋಟೋ, ಮತ್ತ ವಾಟ್ಸಾಪ್‌ದಾಗ ಉಳದ 40 ಸೆಕೆಂಡಿನ ಒಂದು ವಾಯ್ಸ್ ಮೆಸೇಜು.

ಆ ಮೆಸೇಜ್‌ದಾಗ ಏನೂ ಇಲ್ಲರಿ. ಮದಲ ಒಂದು ಕೆಮ್ಮು. ಆಮ್ಯಾಲ "ಏ ತಮ್ಮಾ, ಸಂತಿಂದ ಬರಾಗ ಎರಡು ಹಗ್ಗ ತಗೊಂಬಾ, ಹ್ವಾದ್ಸಲದಂತವು ಬ್ಯಾಡ, ಅವು ಹರಕೊಂಡ ಹೋದ್ವು." ಮತ್ತ ಕೆಮ್ಮು. ಹಿಂದ ಎಮ್ಮಿ ಒದರೂದು ಕೇಳ್ತೈತಿ. "ಉಂಡೀಯಿಲ್ಲೋ?" ಅಂತ ಕೇಳಿ ಕಟ್ ಆಗ್ತೈತಿ. ಅಷ್ಟ.

ಈಗಿನ ಎಐಗೆ ಅಷ್ಟು ಭಾಳ ಆತು. 2023ರಾಗನ ಮೈಕ್ರೋಸಾಫ್ಟ್‌ನವ್ರು ಮೂರು ಸೆಕೆಂಡ್ ಧ್ವನಿ ಇದ್ರ ಅದರಂಗ ಮಾತಾಡೂದೊಂದು ಮಾಡಿ ತೋರಿಸಿದ್ರು, ನನ್ನ ಕಡೆ 40 ಸೆಕೆಂಡ್ ಇತ್ತು. ಏನ್ ಹೇಳಸ್ಬೇಕೋ ಅಂದ್ರ ನೀವ ಚಲೋದೇನರ ಹಾಕ್ರಿ ಕಾಕಾ ಅಂದ, ಅದನ್ನೂ ಎಐಗೇ ಬರಿ ಅಂದ್ನಿ. ಒಂದು ತಾಸಿನ್ಯಾಗ ವಿಡಿಯೋ ರೆಡಿ. ಕಣ್ಣು ಪಿಳಿ ಪಿಳಿ, ತುಟಿ ಅಳ್ಳಾಡತಾವು, ರುಮಾಲಿನ ತುದಿ ಗಾಳಿಗೆ ಹಾರ್ತೈತಿ. ನನಗ ನಾನ ಶಹಬ್ಬಾಸ್ ಅಂದಕೊಂಡೆ.

ಮರುದಿನ ಹುಡುಗ ತಾಯೀನ್ನ ಕರಕೊಂಡ ಬಂದ. ಹಾಕಿ ತೋರಿಸಿದ್ನಿ. "ಪ್ರೀತಿಯ ಮಗಳೇ, ನಿನ್ನ ದಾಂಪತ್ಯ ಜೀವನ ಸುಖಮಯವಾಗಿರಲಿ, ನಾನು ಸದಾ ನಿನ್ನೊಂದಿಗಿದ್ದೇನೆ" ಅಂತ ಆ ಲಿಂಬಿ ತ್ವಾಟದ ಮುತ್ಯಾ ಆಕಾಶವಾಣಿ ವಾರ್ತೆ ಓದಿದಂಗ ಮಾತಾಡಿದ. ಹುಡುಗ ಕಣ್ಣಾಗ ನೀರು ತಂದ. ತಾಯಿ ಮಾತ್ರ ಸ್ಕ್ರೀನ್ ನೋಡೇ ನೋಡಿದ್ಲು, ಆಮ್ಯಾಲ ನನ್ನ ಕಡೆ ತಿರುಗಿ, "ಯಾರ್ರೀ ಅಣ್ಣಾರ ಇವ್ರು?" ಅಂದ್ಲು.

ಅಪ್ಪ ಅಲ್ಲೇನಬೇ ಅಂದ ಮಗ. "ಮಾರಿ ಅವರದ ಐತಿ ಬಿಡು. ಇವರಪ್ಪ ಮಗಳಿಗೆ ಒಂದಿನಾನೂ ಮಗಳೇ ಅಂದವ್ರಲ್ಲ, ಅವ್ವಾ ಅಂತಿದ್ರು. ಕೆಮ್ಮದ ಒಂದು ಮಾತೂ ಆಡ್ತಿದ್ದಿಲ್ಲ. ಕೆಮ್ಮು ಎಲ್ಲಿ ಹ್ವಾತು?" ಕೆಮ್ಮು ನಾನ ತಗದಿದ್ದೆ. ನಾಯ್ಸ್ ಕ್ಲೀನ್ ಅಂತ ಒಂದು ಬಟನ್ ಐತಿ, ಅದನ್ನ ಒತ್ತಿದ್ರ ಎಮ್ಮಿ, ಕೆಮ್ಮು ಎರಡೂ ಹೋಗ್ತಾವು. ಮಷೀನಿಗೆ ಎರಡೂ ಒಂದ.

ಇಷ್ಟ ಆಗಿದ್ರ ಭಾಷೆ ಪ್ರಾಬ್ಲಮ್ಮು, ಮುಂದ ಸರಿ ಆಗ್ತೈತಿ ಅಂತ ಬಿಡ್ತಿದ್ದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯವ್ರು "ವಾಣಿ" ಅಂತ ಜಿಲ್ಲಾ ಜಿಲ್ಲಾ ತಿರುಗಿ ಮಂದಿ ಮಾತು ರೆಕಾರ್ಡ್ ಮಾಡೂ ಯೋಜನೆ ಹಚ್ಯಾರ, ಇವತ್ತಿಲ್ಲ ನಾಳೆ ನಮ್ಮ ಕಡೀ ಮಾತೂ ಮಷೀನಿಗೆ ಬರ್ತೈತಿ, ಕೆಮ್ಮೂ ಬರ್ತೈತಿ, ಎಮ್ಮೀನೂ ಒದರ್ತೈತಿ. ಆದ್ರ ಅಕಿ ಎದ್ದು ಹೋಗಾಗ ಇನ್ನೊಂದು ಮಾತು ಅಂದ್ಲು. "ಅವ್ರಿಗೆ ಹುಡುಗಿ ನರ್ಸಿಂಗ್ ಮುಗಸ್ಲಿ ಅನ್ನೂದಿತ್ತು. ಇದ್ದಿದ್ರ ಈ ಲಗ್ನಕ್ಕ ಹೂಂ ಅಂತಿದ್ರೋ ಒಲ್ಲೆ ಅಂತಿದ್ರೋ, ಆ ದೇವ್ರಿಗೇ ಗೊತ್ತು. ಈಗ ನೀವು ಅವ್ರ ಬಾಯಿಲೇ ಹೂಂ ಅನಸಾಕತ್ತೀರಿ."

ನನಗ ಏನ್ ಹೇಳ್ಬೇಕೋ ತಿಳೀಲಿಲ್ಲ. ಸುಮ್ಮನ ಬಿಲ್ ಬರದೆ. (ಅಡ್ವಾನ್ಸ್ ಮದಲ ಇಸಗೊಂಡಿದ್ದೆ, ಅದನ್ನೂ ಹೇಳಿಬಿಡ್ತೀನಿ.)

ನಮ್ಮೂರಾಗ ಗೋಳಗುಮ್ಮಟ ಐತಿ, ಸಣ್ಣಾವಿದ್ದಾಗಿಂದ ಅಲ್ಲಿ ಹೋಗಿ ಒದರಿ ಬಂದಾವ್ರು ನಾವು. ಪಿಸುಮಾತಿನ ಗ್ಯಾಲರ್‍ಯಾಗ ಈ ಕಡೆ ಗ್ವಾಡಿಗೆ ಬಾಯಿಟ್ಟು ಮೆಲ್ಲಕ ಅಂದದ್ದು ಸುಮಾರು 38 ಮೀಟರ್ ಆಚೆ ಇದ್ದಾವ್ರಿಗೆ ಕಿವ್ಯಾಗ ಹೇಳಿದಂಗ ಕೇಳ್ತೈತಿ, ಒಮ್ಮೆ ಕೂಗಿದ್ರ ಏಳೆಂಟು ಸಲ ತಿರುಗಿ ಬರ್ತೈತಿ. ಆದ್ರ ಗುಮ್ಮಟ ನೀ ಕೂಗಿದ್ದನ್ನ ಅಷ್ಟ ವಾಪಸ್ ಕೊಡ್ತೈತಿ, ಒಂದಕ್ಷರ ಕೈಯಿಂದ ಕೂಡಸೂದಿಲ್ಲ. ಒಳಗ ಮಲಗಿದ ಮಹಮ್ಮದ್ ಆದಿಲ್‌ಶಾ 1656ರಾಗ ಸತ್ತಾಂವ, ಅವನ ಹೆಸರಿಲೆ ಒಂದು ಮಾತೂ ಅದು ಹೊಸದಾಗಿ ಆಡಿಲ್ಲ. ನಾ ಮಾಡಿದ್ದು ಅದಕ್ಕಿಂತ ಬ್ಯಾರೆ ಕೆಲಸ.

ಮತ್ತ ಇದು ನನ್ನ ಅಂಗಡೀದಷ್ಟ ಅಲ್ಲ. 2020ರಾಗ ಕೊರಿಯಾದ ಟಿವಿಯವ್ರು ತೀರಿಹೋದ ಸಣ್ಣ ಹುಡುಗೀನ್ನ ಕಂಪ್ಯೂಟರ್‌ನ್ಯಾಗ ಮಾಡಿ ತಾಯಿಗೆ ಭೇಟಿ ಮಾಡಿಸಿದ್ರು, ಕಣ್ಣಿಗೆ ಕಟ್ಟಿಕೊಂಡ ಆ ಡಬ್ಬಿ ತೊಟ್ಟು ತಾಯಿ ಗಾಳ್ಯಾಗ ಕೈ ಆಡಿಸಿದ್ದು ನೋಡಿದ್ರ ಕಳ್ಳು ಚುರ್ ಅಂತೈತಿ. 2018ರಾಗ ತೀರಿಹೋದ ಕರುಣಾನಿಧಿ 2024ರಾಗ ಸ್ಕ್ರೀನ್ ಮ್ಯಾಲ ಬಂದು ಮಗನ ಸರಕಾರ ಹೊಗಳಿ ಭಾಷಣ ಮಾಡಿದ್ರು, ಇಲ್ಲೇ ಬಾಜೂ ರಾಜ್ಯದಾಗ. ಅದೇ ವರ್ಷ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ಧ್ವನಿ ಎಐಲೇ ಹಾಡಿಸಿದ್ರು, ಮನಿಯವ್ರ ಪರವಾನಗಿ ತಗೊಂಡೀನಿ, ರೊಕ್ಕಾ ಕೊಟ್ಟೀನಿ ಅಂತ ಹೇಳಿದ್ರು. ಹೇಳಿದ್ದು ದೊಡ್ಡದ, ಭಾಳ ಮಂದಿ ಅದನ್ನೂ ಮಾಡೂದಿಲ್ಲ. ಬದುಕಿದ್ದಾವ್ರಿಗೆ ಆದ್ರ ಬಾಯಿ ಇರ್ತೈತಿ. 2023ರಾಗ ರಶ್ಮಿಕಾ ಮಂದಣ್ಣ ಮಾರಿ ಯಾರದೋ ಮೈಗೆ ಹಚ್ಚಿದ್ದಕ್ಕ ಅಕಿ ಎದ್ದು ಕೇಳಿದ್ಲು, ಪೊಲೀಸ್ರು ಕೇಸ್ ಮಾಡಿ ಮುಂದ ಒಬ್ಬನ್ನ ಹಿಡದ್ರು. ಸತ್ತಾವ್ರ ಪರವಾಗಿ ಯಾರು ಕೇಳಬೇಕು? ತೀರಿಹೋದ ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದಿ ಒಂದು ಸಿನಿಮಾ ವಿಷಯಕ್ಕ ಕೋರ್ಟಿಗೆ ಹೋದಾಗ ದಿಲ್ಲಿ ಹೈಕೋರ್ಟು 2023ರಾಗ, ಖಾಸಗಿತನದ ಹಕ್ಕು ಆ ಮನುಷ್ಯಾನ ಜೋಡಿನೇ ಮುಗೀತೈತಿ, ವಾರಸಾ ಬರೂದಿಲ್ಲ ಅಂತ ಅಂದಿತ್ತು. ನಾ ವಕೀಲ ಅಲ್ಲ, ನನಗ ತಿಳದಷ್ಟು ಹೇಳಿದ್ನಿ.

ಮಷೀನು ಮನುಷ್ಯಾನಂಗ ಮಾತಾಡ್ತೈತಿ, ಮನುಷ್ಯಾಗೂ ಅದಕ್ಕೂ ಏನ್ ಫರಕು ಅಂತ ಪಂಡಿತ್ರು ಜಗಳಾಡ್ತಾರ. ಆ ತಾಯಿ ನನ್ನ ಅಂಗಡ್ಯಾಗ ನಿಂತು ಹೇಳಿಬಿಟ್ಲು ಅನಸ್ತೈತಿ ನನಗ. ಮನುಷ್ಯಾ ಅಂದಮ್ಯಾಲ ಅಂವ ಒಲ್ಲೆ ಅಂತಾನ, ಸಿಟ್ಟಾಗಿ ಕಾರ್ಯಾಲಯಕ್ಕ ಬರದ ಮನ್ಯಾಗ ಕೂಡ್ತಾನ, ಕಡೀಕ ಮುಹೂರ್ತಕ್ಕ ಐದು ನಿಮಿಷ ಇದ್ದಾಗ ಬಂದು ಅಕ್ಷತಾ ಒಗೀತಾನ. ನಾ ಮಾಡಿದ ಅಪ್ಪಗ ಅದೇನೂ ಮಾಡಾಕ ಬರೂದಿಲ್ಲ, ರೊಕ್ಕಾ ಕೊಟ್ಟಾವ ಏನಂದ್ರ ಅದನ್ನ ಅಂತಾನ.

ಹಿಂಗಾಗಿ ಸರಕಾರದವ್ರಿಗೆ ನಿಮ್ಮ ಪೇಪರ್ ಮೂಲಕ ಕೇಳೂದು ಇಷ್ಟ. ಕಣ್ಣುದಾನಕ್ಕ ಮಂದಿ ಇದ್ದಾಗನ ಬರದ ಕೊಡ್ತಾರಲ್ಲ, ಹಂಗ ನನ್ನ ಧ್ವನಿ, ನನ್ನ ಮಾರಿ ನಾ ಹೋದಮ್ಯಾಲ ಮಾತಾಡಸಬಹುದು ಇಲ್ಲಾ ಮಾತಾಡಸಬಾರದು ಅಂತ ಬರದಿಡಾಕ ಒಂದು ದಾರಿ ಮಾಡ್ರಿ. ಬರದಿಲ್ಲಂದ್ರ ಮಾತಾಡಸಬಾರದು ಅಂತನ ತಿಳಕೊಳ್ಳಿ. ಮಾತಾಡಿಸಿದ್ರೂ ಇದು ಮಷೀನಿನ ಮಾತು ಅಂತ ಸ್ಕ್ರೀನ್ ಮ್ಯಾಲ ದೊಡ್ಡ ಅಕ್ಷರದಾಗ ಇರಲಿ, ಮೂಲ್ಯಾಗ ಇರಿವಿಯಂಗ ಅಲ್ಲ.

ವಿಡಿಯೋ ಏನಾತು ಅಂತ ಕೇಳಬಹುದು. ಹಾಕಿದ್ರು, ಲಗ್ನದಾಗ. ಮಂದಿ ಚಪ್ಪಾಳಿ ಹೊಡದ್ರು, ಸ್ವಾದರಮಾವಂದ್ರು ಅತ್ರು, ನನ್ನ ಫೋನ್ ನಂಬರ್ ಹತ್ತ ಮಂದಿ ಬರಕೊಂಡ್ರು. ತಾಯಿ ಆ ಹೊತ್ತಿನ್ಯಾಗ ಊಟದ ಹಾಲ್‌ದಾಗ ಇದ್ಲು. ಸ್ಟುಡಿಯೋಕ್ಕ ಬಂದ ದಿನ ಅಕಿ ಹೋಗೂಕಿಂತ ಮದಲ ಮಗನ ಫೋನ್ ಇಸಗೊಂಡು ಹಗ್ಗದ ಮೆಸೇಜ್ ಮತ್ತ ಮತ್ತ ಕೇಳಿದ್ದು ನಾ ನೋಡಿದ್ದೆ, "ಉಂಡೀಯಿಲ್ಲೋ" ಅಂದಾಗೊಮ್ಮೆ "ಹೂಂ" ಅಂತಿದ್ಲು.

ಈಗ ನಾ ಹಳೇ ಫೋಟೋ ಹರದದ್ದು ಸರಿ ಮಾಡಿಕೊಡ್ತೀನಿ, ಕಲರ್ ಹಾಕಿಕೊಡ್ತೀನಿ, ತುಟಿ ಅಳ್ಳಾಡಸೂದು ಬಿಟ್ಟೀನಿ. ಬಂದಾವ್ರಿಗೆ ಹೇಳ್ತೀನಿ, ಫೋನ್ ಬದಲಿ ಮಾಡಾಗ ವಾಯ್ಸ್ ಮೆಸೇಜ್ ಅಳಸಬ್ಯಾಡ್ರಿ, ಪೆನ್‌ಡ್ರೈವ್‌ಗೆ ಫುಕಟ ಹಾಕಿಕೊಡ್ತೀನಿ ಅಂತ. ಅರ್ಧಾ ಮಂದಿ ನಕ್ಕು ಹಿಂದಿನ ಓಣಿ ಅಂಗಡಿಗೆ ಹೋಗ್ತಾರ, ಅಲ್ಲಿ 800 ರೂಪಾಯಿಗೆ ಮಾಡಿಕೊಡ್ತಾರಂತ.

ಇಂತಿ ನಿಮ್ಮ ಓದುಗ,
ಸ್ಟುಡಿಯೋದಾಂವ, ವಿಜಯಪುರ